ವಿಜಯ್ ಚೌಕದಲ್ಲಿ ಮುಳುಗುವ ಗುಮ್ಮಟ: ದೆಹಲಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ವಿಜಯ್ ಚೌಕದಲ್ಲಿ ನೀನು ತೆಗೆದ ಫೋಟೋ ಬಂತು. ರಾಷ್ಟ್ರಪತಿ ಭವನ ಎಲ್ಲಿ ಹೋಯ್ತು, ಬರೀ ಗುಮ್ಮಟ ಕಾಣ್ತಿದೆ ಅಂತ ಕೇಳಿದ್ದೀಯ. ತಪ್ಪು ನಿನ್ನ ಫೋನಿನದಲ್ಲ ಮಾರಾಯ. ಅಲ್ಲಿ ನಿಂತರೆ ಯಾರಿಗೂ ಅಷ್ಟೇ ಕಾಣೋದು.

1911ರ ದರ್ಬಾರಿನಲ್ಲಿ ಬ್ರಿಟಿಷ್ ದೊರೆ ಐದನೇ ಜಾರ್ಜ್ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವುದಾಗಿ ಸಾರಿದ. ವೈಸ್‌ರಾಯ್ ಮನೆಯ, ಅಂದರೆ ಈಗಿನ ರಾಷ್ಟ್ರಪತಿ ಭವನದ, ಕೆಲಸ ವಾಸ್ತುಶಿಲ್ಪಿ ಎಡ್ವಿನ್ ಲಟ್ಯನ್ಸ್ ಪಾಲಿಗೆ ಬಂತು. ಸರ್ಕಾರಿ ಕಚೇರಿಗಳ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಎರಡೂ ಇನ್ನೊಬ್ಬ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್‌ಗೆ. ರೈಸಿನಾ ಗುಡ್ಡದ ಮುಂದಿನ ಜಾಗ ಆ ಕಚೇರಿಗಳಿಗೆ ಹೋಯಿತು, ಮನೆ ಹಿಂದಕ್ಕೆ ಸರಿಯಿತು. ನಡುವಿನ ರಸ್ತೆ ಏರು. ದೂರದಿಂದ ಕಟ್ಟಡ ಚೆನ್ನಾಗಿ ಕಾಣುತ್ತೆ, ಹತ್ತಿರ ಬಂದಷ್ಟೂ ಮುಳುಗುತ್ತೆ, ಏರು ಹತ್ತಿದ ಮೇಲೆ ಮತ್ತೆ ಎದ್ದು ನಿಲ್ಲುತ್ತೆ. ಇದು ಗೊತ್ತಾದಾಗ ಇಳಿಜಾರು ಬದಲಿಸಿ ಅಂತ ಲಟ್ಯನ್ಸ್ ಪಟ್ಟು ಹಿಡಿದ. ಖರ್ಚು ಜಾಸ್ತಿ ಅಂತ ಸರ್ಕಾರ ಒಪ್ಪಲಿಲ್ಲ. ಹಳೇ ಗೆಳೆಯರಾದ ಲಟ್ಯನ್ಸ್, ಬೇಕರ್ ವರ್ಷಗಟ್ಟಲೆ ಮಾತು ಬಿಟ್ಟರು! 340 ಕೋಣೆಗಳ ಅರಮನೆ ಕಟ್ಟಿದರೂ ಲಟ್ಯನ್ಸ್ ಗೋಳು ತೀರಲಿಲ್ಲ. ನನಗೇನೋ ಆ ಏರು ಇಷ್ಟ. ದೇಶ ಆಳುವ ವೈಸ್‌ರಾಯ್ ಗುಮಾಸ್ತರ ಕಚೇರಿಗಳ ಹಿಂದೆ ಅಡಗಿ ಕೂತ ಹಾಗಾಯ್ತು, ಅಲ್ವಾ?

ಮುಂದಿನ ಸಲ ನಾರ್ತ್ ಬ್ಲಾಕಿನ ಬಾಗಿಲ ಮೇಲೆ ಕಣ್ಣು ಹಾಯಿಸು. ಸ್ವಾತಂತ್ರ್ಯ ತಾನಾಗಿ ಜನರ ಬಳಿಗೆ ಇಳಿದು ಬರೋದಿಲ್ಲ, ಜನರೇ ಅದರ ಮಟ್ಟಕ್ಕೆ ಏರಬೇಕು ಅನ್ನೋ ಅರ್ಥದ ಇಂಗ್ಲಿಷ್ ಬರಹ ಇದೆ. ಕಿತ್ತುಕೊಂಡವರೇ ಬುದ್ಧಿ ಹೇಳೋದು ಅಂದ್ರೆ ಇದೇ ನೋಡು.

ಇಲ್ಲಿ ಬೆಂಗಳೂರಲ್ಲೂ ಎರಡು ಕಟ್ಟಡ ಎದುರುಬದುರು ನಿಂತಿವೆ. ಬ್ರಿಟಿಷರ ಕಾಲದ ಕೆಂಪು ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್, 1868ರಲ್ಲಿ ಮುಗಿದದ್ದು. ಅದರ ಮುಂದೆ ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. ಮೊದಲು ಅಂದುಕೊಂಡಿದ್ದು ಸರಳ ಕಟ್ಟಡ. ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದ ಮೇಲೆ ನಕ್ಷೆಯೇ ಬದಲಾಯಿತು. ಕಲ್ಲು ಕೆಲಸಕ್ಕೆ ಜೈಲಿನ ಕೈದಿಗಳೂ ಬಂದರು. ದುಂದು ಖರ್ಚು ಅಂತ ಗದ್ದಲ ಎದ್ದಿತು. 1956ರಲ್ಲಿ ಮುಗಿದಾಗ ಎದುರಿನ ಕಚೇರಿ ಕುಳ್ಳಗೆ ಕಂಡಿತು. ಕೆಂಗಲ್ ಅವರಿಗೆ ಬೇಕಿದ್ದದ್ದೂ ಅದೇ ಇರಬೇಕು ಅಂತ ನನ್ನ ಎಣಿಕೆ. ಆಮೇಲೆ ಅಠಾರಾ ಕಚೇರಿಯನ್ನು ಕೆಡವುವ ಮಾತೂ ಬಂತು. ಜನ ಬಿಡಲಿಲ್ಲ. ಒಳ್ಳೇದೇ ಆಯ್ತು, ಹೈಕೋರ್ಟ್ ಈಗಲೂ ಸರ್ಕಾರದ ಕಣ್ಣೆದುರೇ ಇದೆ.

ನಮ್ಮ ಸೌಧದ ಮೇಲೂ ಬರಹ ಇದೆಯಲ್ಲ, ‘ಸರ್ಕಾರದ ಕೆಲಸ ದೇವರ ಕೆಲಸ’. ಅದನ್ನು ನೋಡಿ ನಗುವವರೇ ಜಾಸ್ತಿ. ಆದರೂ ಅದು ಬುದ್ಧಿ ಹೇಳೋದು ಒಳಗೆ ಕೂತವರಿಗೆ, ಹೊರಗೆ ನಿಂತವರಿಗಲ್ಲ.

ಈಗ ಟಿಕೆಟ್ ತಗೊಂಡು ವಿಧಾನಸೌಧದ ಒಳಗೂ ಸುತ್ತಬಹುದು. ಊರಿಗೆ ಬಂದಾಗ ಒಂದು ಭಾನುವಾರ ಬಿಡುವು ಮಾಡ್ಕೋ, ಒಟ್ಟಿಗೆ ಹೋಗೋಣ.

ಇಂತಿ ನಿನ್ನ,
ಬೆಂಗಳೂರಿನ ಗೆಳೆಯ