ಲಂಡನ್ನಿನಲ್ಲಿ ನಿನಗೊಂದು ಶನಿವಾರ

ಮಡಿಕೇರಿ, ಡಿಸೆಂಬರ್

ಪ್ರೀತಿಯ ಗೆಳೆಯಾ,

ಶನಿವಾರ ರಜೆ, ಒಬ್ಬನೇ ಇದ್ದೀನಿ, ಎಲ್ಲಿಗೆ ಹೋಗ್ಲಿ ಅಂತ ಕೇಳಿದ್ದೆ. ಅರಮನೆ, ದೊಡ್ಡ ಗಡಿಯಾರ ಎಲ್ಲಿಗೂ ಓಡಿಹೋಗಲ್ಲ ಮಾರಾಯ. ಈ ಸಲ ನಮ್ಮೂರಿನವರನ್ನ ನೋಡ್ಕೊಂಡು ಬಾ. ಊರಿನ ಬೇರೆ ಹುಡುಗರಿಗೂ ಬೇಕಾಗಬಹುದು ಅಂತ ಎಲ್ಲರಿಗೂ ಕಾಣೋ ಹಾಗೆ ಬರೀತಿದ್ದೀನಿ.

ಬೆಳಿಗ್ಗೆ ಒಂಬತ್ತಕ್ಕೇ ಹೊರಡು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರ್ತಾನೆ, ಸ್ಮಶಾನದ ಗೇಟೂ ಬೇಗ ಹಾಕ್ತಾರೆ. ರೈಲು, ಬಸ್ಸಿನ ದುಡ್ಡಿಗೆ ದಿನವಿಡೀ ಒಂದೇ ಕಾರ್ಡು ಬಳಸು. ಹತ್ತುವಾಗ ಫೋನು ತೋರಿಸಿ ಇಳಿಯುವಾಗ ಕಾರ್ಡು ತೋರಿಸಿದ್ರೆ ಯಂತ್ರ ಎರಡು ಅರೆಬರೆ ಪ್ರಯಾಣ ಅಂತ ಲೆಕ್ಕ ಹಾಕಿ, ಎರಡಕ್ಕೂ ಗರಿಷ್ಠ ದರ ಕೀಳುತ್ತೆ. ಬಸ್ಸಲ್ಲಾದ್ರೆ ಹತ್ತುವಾಗ ಮಾತ್ರ ತೋರಿಸಿದ್ರೆ ಸಾಕು.

ಮೊದಲು ವೆಸ್ಟ್ ಬ್ರಾಂಪ್ಟನ್ ಸ್ಟೇಷನ್. ಹೊರಗೆ ಬಂದು ಬಲಕ್ಕೆ ತಿರುಗಿದ್ರೆ ಪಕ್ಕದಲ್ಲೇ ಬ್ರಾಂಪ್ಟನ್ ಸ್ಮಶಾನ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಅಲ್ಲಿದ್ದಾಳೆ. ಹತ್ತು-ಹನ್ನೊಂದರ ಹುಡುಗಿಯಾಗಿ 1852ರಲ್ಲಿ ಅಪ್ಪನ ಜೊತೆ ಹಡಗಿನಲ್ಲಿ ಬಂದವಳು. ಆ ವರ್ಷವೇ ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದ್ರು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. 1864ರಲ್ಲಿ, ಇಪ್ಪತ್ತಮೂರು ತುಂಬೋ ಮೊದಲೇ ತೀರಿಕೊಂಡಳು. ಹುಟ್ಟಿದ್ದು ಕಾಶಿಯಲ್ಲಿ. ಕೊಡಗಿನ ರಾಜಕುಮಾರಿ ಅಂತ ಹೆಸರೇ ಹೊರತು ಮಡಿಕೇರಿಯ ಮಂಜನ್ನ ಅವಳು ಕಂಡೇ ಇರಲಿಲ್ಲ. ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನ ಮಣ್ಣು ಮಾಡಿದ್ದಾರೆ, ಸುಮ್ಮನೆ ಸುತ್ತಿದ್ರೆ ಸಿಗಲ್ಲ. ಸ್ಮಶಾನದವರನ್ನ ಮೊದಲೇ ಕೇಳಿಟ್ಟುಕೋ. ಗೌರಮ್ಮ ಅಂದ್ರೆ ಸಿಗದಿದ್ರೆ ಗಂಡನ ಕಡೆಯ ಕ್ಯಾಂಬೆಲ್ ಅನ್ನೋ ಹೆಸರು, ತೀರಿಕೊಂಡ ವರ್ಷ ಎರಡನ್ನೂ ಹೇಳು.

ಅಲ್ಲಿಂದ ಅಪ್ಪನ ಹತ್ತಿರ. ಅದೇ ಸ್ಟೇಷನ್ನಿನಿಂದ ಓವರ್‌ಗ್ರೌಂಡ್ ರೈಲು ಹಿಡಿದು ವಿಲ್ಸ್‌ಡನ್ ಜಂಕ್ಷನ್‌ಗೆ ಹೋಗು. ನೀನು ಇಳಿಯೋದು ಮೇಲಿನ ಪ್ಲಾಟ್‌ಫಾರಂ, ಮುಂದಿನ ರೈಲು ಬರೋದು ಕೆಳಗಿನದಕ್ಕೆ. ಕೆಳಗಿಳಿದು ಊರೊಳಗೆ ಹೋಗೋ ದಿಕ್ಕಿನ ರೈಲು ಹತ್ತು, ಒಂದೇ ಸ್ಟೇಷನ್ನು, ಕೆನ್ಸಲ್ ಗ್ರೀನ್. ಸ್ಮಶಾನ 1833ರಷ್ಟು ಹಳೇದು, 72 ಎಕರೆ. ಒಂದು ಬದಿಗೆ ಕಾಲುವೆ ಇದೆ. ಚಿಕ್ಕವೀರರಾಜೇಂದ್ರನನ್ನ 1859ರಲ್ಲಿ ಮಣ್ಣು ಮಾಡಿದ್ದು ಅಲ್ಲೇ. ರವೀಂದ್ರರ ಅಜ್ಜ ದ್ವಾರಕಾನಾಥ ಠಾಕೂರರೂ ಅಲ್ಲೇ. ಕಲ್ಲು ಒದ್ದೆಯಿದ್ರೆ ಅಕ್ಷರ ಕಾಣಲ್ಲ. ಫೋನಿನ ಟಾರ್ಚನ್ನ ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿ, ಕೆತ್ತಿದ ಗೆರೆಗೆ ನೆರಳು ಬಿದ್ದು ಓದೋಕೆ ಬರುತ್ತೆ.

ನಿನ್ನನ್ನ ಅಲ್ಲಿಗೇ ಯಾಕೆ ಕಳಿಸ್ತಿದ್ದೀನಿ ಅಂದ್ರೆ, ಇಲ್ಲಿ ನಮ್ಮ ರಾಜರ ಸಮಾಧಿ ಇರೋ ಗದ್ದುಗೆಯ ಪಕ್ಕ ಹಾದುಹೋಗುವಾಗ ಈಗೀಗ ಒಂದು ಜಾಗ ಖಾಲಿ ಕಾಣುತ್ತೆ ಕಣೋ. ದೊಡ್ಡವೀರರಾಜೇಂದ್ರ ಇದ್ದಾನೆ, ಲಿಂಗರಾಜೇಂದ್ರ ಇದ್ದಾನೆ. 1820ರಲ್ಲಿ ಅಪ್ಪನಿಗೆ ಅಂತ ಆ ಗುಮ್ಮಟ ಕಟ್ಟಿಸಿದ ಮಗ ಚಿಕ್ಕವೀರರಾಜೇಂದ್ರ ಮಾತ್ರ ಇಲ್ಲ. 1834ರಲ್ಲಿ ರಾಜ್ಯ ಹೋಯ್ತು, ಕಾಶಿಗೆ ಕಳಿಸಿದ್ರು. ಅಲ್ಲಿಂದ ಕಂಪನಿ ಹಿಡಿದಿಟ್ಟ ತನ್ನ ಹಣ ಕೇಳೋಕೆ ಲಂಡನ್ನಿಗೆ ಹೋದ. ಕೇಸು ನಡೀತಾ ಇತ್ತು, ವರ್ಷ ಕಳೀತಾ ಇತ್ತು. ಅವನು ಕ್ರೂರಿ ಅಂತ ನಾವೆಲ್ಲ ಓದಿದ್ದೀವಿ, ಅದನ್ನ ಇಲ್ಲ ಅನ್ನಲ್ಲ. ಆದ್ರೂ ಗದ್ದುಗೆಯ ನಾಲ್ಕು ಮೂಲೆಯ ಬಸವಗಳನ್ನ ನೋಡ್ತಾ ನಿಂತ್ರೆ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಎರಡು ವರ್ಷ ಅಂತ ಹೋದವನು ನೀನು. ಇದು ನೀನಿಲ್ಲದ ಐದನೇ ಹುತ್ತರಿ, ನಮ್ಮ ಸುಗ್ಗಿ ಹಬ್ಬ. ಕದಿರು ಕೊಯ್ದು 'ಪೊಲಿ ಪೊಲಿ ದೇವಾ' ಅಂತ ಕೂಗುವಾಗ ನಿನ್ನ ದನಿಯ ಜಾಗದಲ್ಲಿ ಯಾರೂ ಇರಲಿಲ್ಲ. ನಿಮ್ಮಮ್ಮ ಕೇಳಿದಾಗೆಲ್ಲ 'ಬರ್ತಾನೆ' ಅಂತಿದ್ದೆ, ಈ ಸಲ ನಾಲಿಗೆ ಏಳಲಿಲ್ಲ. ನೀನು ಬರಲ್ಲ ಅನ್ನೋ ಭಯ ನನಗೇ ಹೆಚ್ಚು. ಇಷ್ಟು ಜನರ ಎದುರು ಇದನ್ನ ಬರೆಯೋ ಯೋಚನೆ ಇರಲಿಲ್ಲ. ಬರೆದಾಯ್ತು, ಅಳಿಸಲ್ಲ.

ಸರಿ, ಮುಂದಿನ ದಾರಿ ಕೇಳು. ಕೆನ್ಸಲ್ ಗ್ರೀನ್‌ನಲ್ಲಿ ಒಂದೇ ಪ್ಲಾಟ್‌ಫಾರಂಗೆ ಎರಡು ಬಗೆಯ ರೈಲು ಬರುತ್ತೆ. ಯೂಸ್ಟನ್ ಅಂತ ಬೋರ್ಡಿದ್ರೆ ಬಿಟ್ಟುಬಿಡು. ಎಲಿಫೆಂಟ್ ಅಂಡ್ ಕ್ಯಾಸಲ್ ಅಂತ ಇರೋ ಬೇಕರ್‌ಲೂ ರೈಲು ಹತ್ತಿದ್ರೆ ಸುಮಾರು ಅರ್ಧ ಗಂಟೆ, ಎಲ್ಲೂ ಬದಲಾಯಿಸದೆ ಲ್ಯಾಂಬೆತ್ ನಾರ್ತ್. ಅಲ್ಲಿಂದ ಲ್ಯಾಂಬೆತ್ ಸೇತುವೆ ಕಡೆ ನಡಿ. ಥೇಮ್ಸ್ ದಂಡೆಯಲ್ಲಿ ನಮ್ಮ ವಚನಕಾರ ಬಸವಣ್ಣ ಪ್ರತಿಮೆಯಾಗಿ ನಿಂತಿದ್ದಾನೆ, 2015ರ ನವೆಂಬರ್ 14ರಿಂದ. ಎದುರು ದಂಡೆಯಲ್ಲಿ ಅವರ ಪಾರ್ಲಿಮೆಂಟು. ಹಾಲೇರಿ ರಾಜರ ಮನೆತನ ಲಿಂಗಾಯತರದ್ದು, ಅದಕ್ಕೇ ಅಪ್ಪ ಮಗಳನ್ನ ನೋಡಿದ ದಿನ ಕೊನೆಗೆ ಅವನ ಹತ್ತಿರವೇ ಹೋಗಬೇಕು ಅಂತ ನನಗೆ.

ಕೊಡೆ ತಗೊಂಡು ಹೋಗು.

ಬಸವಣ್ಣನ ಹತ್ತಿರ ಹೋದ ಮೇಲೆ ಫೋನ್ ಮಾಡು. ಅಲ್ಲಿ ನಾಲ್ಕು ಅಂದ್ರೆ ಇಲ್ಲಿ ರಾತ್ರಿ ಒಂಬತ್ತೂವರೆ. ಎಚ್ಚರ ಇರ್ತೀನಿ.

ನಿನ್ನ,
ಗೆಳೆಯ