ದಡ ಕೊರೆತದ ಪಾಠಕ್ಕೆ ಮೈನ್‌ಕ್ರಾಫ್ಟ್

ಮಾನ್ಯರೇ,

ವಿಡಿಯೊ ಗೇಮ್ ಅಂದರೆ ಸುಮ್ನೆ ಕಾಲಹರಣ ಎಂದು ಮಕ್ಕಳನ್ನು ಬೈಯುತ್ತೇವೆ. ಆದರೆ ಇಂಗ್ಲೆಂಡಿನ ಸರ್ಕಾರಿ ಪರಿಸರ ಸಂಸ್ಥೆ ಎನ್ವಿರಾನ್‌ಮೆಂಟ್ ಏಜೆನ್ಸಿ 2022ರಲ್ಲಿ ಪ್ರೆಸ್ಟನ್ ಊರನ್ನೂ ಅಲ್ಲಿನ ರಿಬಲ್ ನದಿಯನ್ನೂ ಚೌಕಾಕಾರದ ಬ್ಲಾಕ್ ಜೋಡಿಸಿ ಬೇಕಾದ್ದನ್ನು ಕಟ್ಟುವ ಮೈನ್‌ಕ್ರಾಫ್ಟ್ ಎಂಬ ಆಟದೊಳಗೆ ಕಟ್ಟಿಸಿತು. ಪ್ರವಾಹ ತಡೆಯುವುದು ಹೇಗೆಂದು ಮಕ್ಕಳು ಆಡುತ್ತಲೇ ಕಲಿಯಲಿ ಅಂತ. ನಮ್ಮ ನೇತ್ರಾವತಿಯ ದಡ ಕೊರೆತವನ್ನೂ ಹೀಗೆ ಕಲಿಸಬಹುದು ಅಲ್ವಾ?

ನದಿಯ ತಿರುವಿನಲ್ಲಿ ಹೊರದಡಕ್ಕೆ ನೀರಿನ ರಭಸ ಜಾಸ್ತಿ. ಅಲ್ಲಿ ಮಣ್ಣು ಕುಸಿಯುತ್ತದೆ, ಒಳದಡದಲ್ಲಿ ಮರಳು ಕೂರುತ್ತದೆ. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ತಾವೇ ಬ್ಲಾಕ್ ಜೋಡಿಸಿ ಕಟ್ಟಿದರೆ ಪ್ರಶ್ನೆ ಕೇಳುತ್ತಾರೆ. ಇಲ್ಲಿ ತಡೆಗೋಡೆ ಕಟ್ಟಿದರೆ ಕೆಳಗಿನ ತೋಟದ ಗತಿ ಏನು? ತಂತಿ ಬಲೆಯಲ್ಲಿ ಕಲ್ಲು ತುಂಬಿ ಇಡಬೇಕೇ, ಬಿದಿರು, ಲಾವಂಚ ನೆಡಬೇಕೇ? ಲಾವಂಚದ ಬೇರು 2-3 ಮೀಟರ್ ನೇರ ಕೆಳಗಿಳಿದು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ.

ಮೈನ್‌ಕ್ರಾಫ್ಟ್‌ನಲ್ಲಿ ನೀರು ತಾನಾಗಿ ಮಣ್ಣು ಕೊರೆಯುವುದಿಲ್ಲ. ಕುಸಿತವನ್ನು ಮಕ್ಕಳೇ ಒಂದೊಂದು ಬ್ಲಾಕ್ ತೆಗೆದು ತೋರಿಸಬೇಕು. ಮಳೆಗಾಲದ ಮೊದಲೂ ಆಮೇಲೂ, ದೊಡ್ಡವರ ಜತೆಯಲ್ಲಿ, ಹೊಳೆ ಬದಿಗೆ ಕರೆದೊಯ್ದು ಅಳತೆ ಮಾಡಿಸಿ, ಅದೇ ಲೆಕ್ಕದಲ್ಲಿ ಕಟ್ಟಿಸಿದರೆ ಇನ್ನೂ ಒಳ್ಳೆಯದು. ಕಂಪ್ಯೂಟರ್ ಇರುವ ಕೆಲವು ಸರ್ಕಾರಿ ಶಾಲೆಗಳಲ್ಲಾದರೂ ಶಿಕ್ಷಣ ಇಲಾಖೆ ಇದನ್ನು ಈ ವರ್ಷವೇ ಶುರು ಮಾಡಲಿ.

– ಓದುಗರು, ಬಂಟ್ವಾಳ