ನಿನ್ನ ಹೆಸರಿನ ಬಾಂಡ್

ಶಂಕರಪುರ
23 ಸೆಪ್ಟೆಂಬರ್ 2025

ಪ್ರೀತಿಯ ಮಗಳಿಗೆ,

ಸೊಸೈಟಿಯವರು ವಾಪಸ್ ಕೊಡದ ನಿನ್ನ ಹೆಸರಿನ ಎಫ್‌ಡಿ ದುಡ್ಡಿನ ಬಗ್ಗೆ ಮೊನ್ನೆ ಭಾನುವಾರ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. "ಒಂದೂವರೆ ಲಕ್ಷ ತಾನೇ ಅಮ್ಮ, ಬಿಟ್ಟುಬಿಡು. ನಾನು ಸಂಬಳದಲ್ಲಿ ಕೊಡ್ತೇನೆ" ಎಂದೆ. ನನ್ನ ಮಂಡಿನೋವು, ಬಸ್ಸಿನ ಓಡಾಟ ನೆನೆಸಿಕೊಂಡು ಪ್ರೀತಿಯಿಂದ ಹೇಳಿದ್ದು ಅಂತ ಗೊತ್ತು. ನಾನೂ ಆಗ ಸುಮ್ನೆ ಹೂಂ ಅಂದೆ. ಆದರೆ ಬಿಡಲು ನನಗೆ ಮನಸ್ಸಿಲ್ಲ ಮಗಾ. ಯಾಕೆ ಅಂತ ಫೋನಿನಲ್ಲಿ ಹೇಳಲು ಬರುವುದಿಲ್ಲ, ಅದಕ್ಕೇ ಈ ಕಾಗದ. ಜೊತೆಗೆ ಒಂದು ಅಫಿಡವಿಟ್ ಇಟ್ಟಿದ್ದೇನೆ. ಅದರ ವಿಷಯ ಆಮೇಲೆ ಬರೆಯುತ್ತೇನೆ.

ಆ ದುಡ್ಡು ಎಲ್ಲಿಂದ ಬಂತು ಅಂತ ನಿನಗೆ ಸರಿಯಾಗಿ ಗೊತ್ತಿಲ್ಲ. ಹೇಳುವ ಸಂದರ್ಭ ಬರಲಿಲ್ಲ. ನೀನು ಡಿಗ್ರಿಗೆ ಸೇರಿದ ವರ್ಷ ಹಿತ್ತಿಲ ಮಲ್ಲಿಗೆಯಲ್ಲಿ ದಿನಾ ಒಂದು ಚೆಂಡು ನಿನ್ನ ಪಾಲಿಗೆ ಅಂತ ಇಟ್ಟೆ. ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನೀನೂ ಕಟ್ಟಿದವಳೇ, ನಿನಗೆ ಗೊತ್ತು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು. ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ, ಹೂವಿನವರ ಬೈಕು ಬರುವುದರೊಳಗೆ ಮುಗಿಸಬೇಕು. ಮದುವೆ ಸೀಸನ್ನಿನಲ್ಲಿ ಒಳ್ಳೆ ರೇಟು, ಮಳೆಗಾಲದ ಆಟಿ ತಿಂಗಳಲ್ಲಿ ಕೇಳುವವರಿಲ್ಲ. ರೇಟು ಏರಲಿ ಇಳಿಯಲಿ, ಸಂಜೆ ದಿನದ ಉಳಿತಾಯ ಕೂಡಿಸಲು ಸೊಸೈಟಿಯ ಪಿಗ್ಮಿಯವರು ಬಂದಾಗ ನಿನ್ನ ಹೆಸರಿಗೆ ನೂರು ರೂಪಾಯಿ. ಲಾಕ್‌ಡೌನಿನಲ್ಲಿ ಹೂವೆಲ್ಲ ಗಿಡದಲ್ಲೇ ಬಾಡಿತು. ಆ ತಿಂಗಳುಗಳದ್ದನ್ನು ಆಮೇಲೆ ಒಟ್ಟಿಗೆ ಕಟ್ಟಿದೆ. ನಾಲ್ಕು ವರ್ಷಕ್ಕೆ 1,46,000 ಆಯಿತು. ಬಡ್ಡಿ ಸೇರಿ ಬಂದದ್ದರಲ್ಲಿ ಒಂದೂವರೆ ಲಕ್ಷವನ್ನು 2021ರ ನವೆಂಬರ್ 18ಕ್ಕೆ ಎರಡು ವರ್ಷದ ಎಫ್‌ಡಿ ಇಟ್ಟೆ. ಉಳಿದದ್ದರಲ್ಲಿ ನೀನು ಬೆಂಗಳೂರಿಗೆ ತೆಗೆದುಕೊಂಡು ಹೋದ ಆ ನೀಲಿ ಸೂಟ್‌ಕೇಸ್ ಬಂತು.

ಬ್ಯಾಂಕು ಬಿಟ್ಟು ಸೊಸೈಟಿಯಲ್ಲಿ ಯಾಕೆ ಇಟ್ಟೆ ಅಂತ ನೀನು ಕೇಳಿದ್ದೆ. ಬಡ್ಡಿಯ ಆಸೆ ಇತ್ತು, ಇಲ್ಲ ಅನ್ನುವುದಿಲ್ಲ. ಬ್ಯಾಂಕಿನಲ್ಲಿ ಐದೂವರೆ ಸಿಗದ ಕಾಲಕ್ಕೆ ಇಲ್ಲಿ ಒಂಬತ್ತೂವರೆ. ಆದರೆ ಆಸೆಗಿಂತ ಜಾಸ್ತಿ ಇದ್ದದ್ದು ಅಭ್ಯಾಸ. ನಮ್ಮ ಉಡುಪಿ ಬ್ಯಾಂಕು ಹುಟ್ಟಿದ ಊರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿ ಪಿಗ್ಮಿ ಶುರು ಮಾಡಿದ್ದು ಇಲ್ಲೇ. ನಿನ್ನ ಅಜ್ಜಿ ಪಿಗ್ಮಿ ಕಟ್ಟಿಯೇ ನನಗೆ ಬೆಂಡೋಲೆ ಮಾಡಿಸಿದ್ದು. ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನ ಹತ್ತಿರ ಯಾರಾದರೂ "ಅಕ್ಕಾ, ಪಿಗ್ಮಿ" ಅಂದರೆ ನಂಬುವುದು ನಮಗೆ ರಕ್ತದಲ್ಲೇ ಬಂದದ್ದು. ಸೊಸೈಟಿಗೆ ಹೊರಟಾಗಲೂ "ಬ್ಯಾಂಕಿಗೆ ಹೋಗಿ ಬರ್ತೇನೆ" ಅಂತಲೇ ಹೇಳುತ್ತಿದ್ದೆನಲ್ಲ.

ಆದರೆ ಅದು ಬ್ಯಾಂಕ್ ಅಲ್ಲ. ಬ್ಯಾಂಕು ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಉಂಟು, 2020ರಿಂದ ಅಷ್ಟು. ಸಹಕಾರಿ ಬ್ಯಾಂಕಿಗೂ ಅದು ಸಿಗುತ್ತದೆ. ನಮ್ಮದರಂಥ ಪತ್ತಿನ ಸೊಸೈಟಿಗೆ ಇಲ್ಲ. ರಿಸರ್ವ್ ಬ್ಯಾಂಕಿನವರು ಇದನ್ನೇ ಹೇಳಿ ಜನರಿಗೆ ಎಚ್ಚರಿಕೆ ಕೊಟ್ಟಿದ್ದರು. ಕೆಲವು ಸೊಸೈಟಿಗಳು ಹೆಸರಿನಲ್ಲಿ ಬ್ಯಾಂಕ್ ಅಂತ ಹಾಕಿಕೊಳ್ಳುತ್ತಿವೆ, ಸದಸ್ಯರಲ್ಲದವರಿಂದಲೂ ನಾಮಮಾತ್ರ ಸದಸ್ಯರಿಂದಲೂ ಠೇವಣಿ ತೆಗೆದುಕೊಳ್ಳುತ್ತಿವೆ, ಈ ಹಣಕ್ಕೆ ವಿಮೆ ಇಲ್ಲ ಅಂತ. ಆ ಪ್ರಕಟಣೆಯ ತಾರೀಕು 2021ರ ನವೆಂಬರ್ 22. ನಿನ್ನ ಹೆಸರಿಗೆ ಎಫ್‌ಡಿ ಇಟ್ಟು ಆಗ ನಾಲ್ಕೇ ದಿನ. ನನಗೆ ಅದು ಗೊತ್ತಾದದ್ದು ವಕೀಲರು ತೋರಿಸಿದಾಗ, ಮೂರು ವರ್ಷದ ಮೇಲೆ. ನಿನ್ನನ್ನೂ ನಾಮಮಾತ್ರ ಸದಸ್ಯೆ ಅಂತಲೇ ಮಾಡಿಕೊಂಡಿದ್ದರು. ನೂರು ರೂಪಾಯಿಯ ಆ ರಶೀದಿ ಜೋಪಾನವಾಗಿ ಉಂಟು.

ಸೊಸೈಟಿಗಳೆಲ್ಲ ಹೀಗೆ ಅಂತ ತಿಳಿಯಬೇಡ. ನಮ್ಮ ಗದ್ದೆಗೆ, ಹೂವಿನ ಗಿಡಕ್ಕೆ ಸಾಲ ಕೊಟ್ಟು ಕೈ ಹಿಡಿದದ್ದೂ ಸೊಸೈಟಿಯೇ. ಈ ಕಡೆಯಲ್ಲಿ ಸಹಕಾರ ಸಂಘಗಳನ್ನು ಬೆಳೆಸಿದ ಮೊಳಹಳ್ಳಿ ಶಿವರಾಯರ ಕಾಲದಿಂದ ಸಹಕಾರ ಅಂದರೆ ದೊಡ್ಡ ಮಾತು. ನನಗೆ ಸಿಟ್ಟು ಇರುವುದು ಆ ಮಾತನ್ನು ಹಾಳು ಮಾಡಿದವರ ಮೇಲೆ.

ಇನ್ನು ಅಪ್ಪನ ಬಾಂಡಿನ, ಅಂದರೆ ಎಫ್‌ಡಿ ಕಾಗದದ ಕತೆ. ಇದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ, ಅವರ ಮರ್ಯಾದೆಗೆ ಅಂತ. ಈಗ ಅವರೇ ಬರಿ ಅಂದರು.

ಅದೇ ಸೊಸೈಟಿಯಲ್ಲಿದ್ದ ನನ್ನ 4 ಲಕ್ಷ, ಅಪ್ಪನ ಎರಡೂವರೆ ಲಕ್ಷ, ಎರಡೂ ಎಫ್‌ಡಿ 2023ರ ಜೂನಿಗೆ ಮುಗಿಯುತ್ತಿತ್ತು. ಅದಕ್ಕೆ ಒಂದು ವಾರ ಮೊದಲು, ಜೋರು ಮಳೆಯಲ್ಲಿ ನಿನ್ನ ದೊಡ್ಡಪ್ಪ ಬಂದರು. ಅವರು ಆಗ ನಿರ್ದೇಶಕರು ಅಲ್ವಾ. ಚಾವಡಿಯಲ್ಲಿ ಕೂತು ಚಾ ಕುಡಿದರು. ನಿನ್ನ ಕೆಲಸದ ವಿಷಯ ಕೇಳಿದರು. ಆಮೇಲೆ, "ತಮ್ಮಾ, ಒಂದು ವರ್ಷಕ್ಕೆ ರಿನ್ಯೂ ಮಾಡುವ. ಅರ್ಧ ಪರ್ಸೆಂಟ್ ಜಾಸ್ತಿ ಕೊಡಿಸ್ತೇನೆ" ಎಂದರು. ಅಪ್ಪ ಒಂದು ಮಾತೂ ಕೇಳಲಿಲ್ಲ. ಒಳಗೆ ಹೋಗಿ ಕಪಾಟಿನಿಂದ ಬಾಂಡ್ ತಂದು, ಹಿಂದುಗಡೆ ಸಹಿ ಹಾಕಿ ಕೊಟ್ಟರು. ದೊಡ್ಡಪ್ಪ ಅದನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. "ನನ್ನದು ಎಲ್ಲಿಟ್ಟಿದ್ದೇನೆ ಅಂತ ಗೊತ್ತಾಗುತ್ತಿಲ್ಲ ಬಾವ, ಹುಡುಕಿ ಕೊಡ್ತೇನೆ" ಎಂದೆ. ಸುಳ್ಳು ಅದು. ನನ್ನ ಬಾಂಡು, ನಿನ್ನ ಬಾಂಡು ಎರಡೂ ಅಕ್ಕಿ ಡಬ್ಬದ ಅಡಿಯಲ್ಲಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಇದ್ದವು. ಯಾಕೆ ಹಾಗೆ ಬಾಯಿಗೆ ಬಂತೋ ಗೊತ್ತಿಲ್ಲ. ಆ ಮಳೆಯಲ್ಲಿ, ಅಷ್ಟು ದೂರದಿಂದ, ಬರೀ ಅರ್ಧ ಪರ್ಸೆಂಟ್ ಜಾಸ್ತಿ ಕೊಡಲು ಯಾರಾದರೂ ಬರುತ್ತಾರಾ ಅಂತ ಅನಿಸಿತು.

ಆಮೇಲೆ ಆರು ತಿಂಗಳು ನಾನು ಕೌಂಟರಿನ ಮುಂದೆ ನಿಂತೆ. ಸಾಲ ವಸೂಲಿ ಆಗಲಿ ಎಂದರು. ಮಹಾಸಭೆ ಕಳೆಯಲಿ ಎಂದರು. ಮುಂದಿನ ಸೋಮವಾರ ಎಂದರು. ಒಂದು ದಿನ ಮಲ್ಪೆಯ ಒಬ್ಬರು ಅಜ್ಜಿ ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಬಂದಿದ್ದರು. ಅವರ ಮೂರು ಲಕ್ಷದಲ್ಲಿ ಐದು ಸಾವಿರ ಎಣಿಸಿ ಕೊಟ್ಟರು. ಅಜ್ಜಿ ಅದನ್ನು ಕಣ್ಣಿಗೆ ಒತ್ತಿಕೊಂಡು, ಮ್ಯಾನೇಜರಿಗೆ ಕೈ ಮುಗಿದು ಹೋದರು. ತನ್ನದೇ ದುಡ್ಡಿಗೆ ಕೈ ಮುಗಿದರಲ್ಲ ಮಗಾ. ಅವತ್ತು ಬಸ್ಸಿನಲ್ಲಿ ಮನೆಯವರೆಗೂ ನನಗೆ ಮಾತು ಹೊರಡಲಿಲ್ಲ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗ ಇಲ್ಲ ಅಂತ ನಿನ್ನ ಅಜ್ಜಿ ಹೇಳುತ್ತಿದ್ದರು. ಇಲ್ಲಿ ನಡೆದದ್ದು ಅದೇ. ನಿರ್ದೇಶಕರು ನಮ್ಮವರು, ಮ್ಯಾನೇಜರು ಗುರ್ತದವರು, ಪಿಗ್ಮಿಯ ಹುಡುಗ ನಿನ್ನ ಜೊತೆ ಓದಿದವನು. ಯಾರ ಮೇಲೆ ಕೇಸು ಹಾಕುವುದು, ಮುಂದೆ ಮದುವೆ ಮುಂಜಿಯಲ್ಲಿ ಮುಖ ನೋಡುವುದು ಬೇಡವಾ ಅಂತ ಎಲ್ಲರೂ ಕಾದರು. ಆದರೆ ಕಾನೂನಿನಲ್ಲಿ ದಿನ ಲೆಕ್ಕ ಆಗುತ್ತಲೇ ಇರುತ್ತದೆ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಒಳಗೆ ದೂರು ಕೊಡಬೇಕು. ತಡವಾದರೆ ಸರಿಯಾದ ಕಾರಣ ತೋರಿಸಿ ಮಾಫಿ ಕೇಳಬೇಕು. ದುಡ್ಡು ಕೊಡುವವರೆಗೂ ತಪ್ಪು ಮುಂದುವರಿದ ಹಾಗೆ ಅಂತ ವಾದ ಮಾಡಬಹುದಂತೆ, ಆದರೆ ಅದನ್ನೇ ನಂಬಿ ಕೂರಬೇಡಿ ಎಂದರು ನಮ್ಮ ವಕೀಲರು. ನಿನ್ನ ಬಾಂಡು ಮುಗಿದದ್ದು 2023ರ ನವೆಂಬರ್ 18ಕ್ಕೆ. ಬರುವ ನವೆಂಬರಿಗೆ ಎರಡು ವರ್ಷ ತುಂಬುತ್ತದೆ. ನನ್ನ ಅವಸರ ಇದಕ್ಕೇ.

ನನ್ನ ದೂರು ಹಾಕಿದ್ದು 2024ರ ಫೆಬ್ರವರಿಯಲ್ಲಿ. ಅಪ್ಪನಿಗೆ ಬೇಸರ ಇತ್ತು. ಮೊದಲ ಸಲ ನನ್ನ ಜೊತೆ ಬರಲಿಲ್ಲ, ತೋಟಕ್ಕೆ ನೀರು ಬಿಡಬೇಕು ಎಂದರು. 5 ಲಕ್ಷದವರೆಗಿನ ದೂರಿಗೆ ಫೀಸು ಇಲ್ಲ ಅಂತ ನನಗೆ ಅಲ್ಲೇ ಗೊತ್ತಾದದ್ದು. ನಾವು ಕಟ್ಟಿದ ಅಸಲನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ವಕೀಲರು ಇಲ್ಲದೆ ನಾವೇ ನಿಂತು ಹೇಳಿಕೊಳ್ಳಲೂ ಬಹುದು. ನನಗೆ ಧೈರ್ಯ ಸಾಲಲಿಲ್ಲ, ಅದಕ್ಕೆ ವಕೀಲರನ್ನು ಇಟ್ಟುಕೊಂಡೆ.

ಸೊಸೈಟಿಯ ಕಡೆಯವರ ಉತ್ತರ ಓದಿ ನನ್ನ ಕೈಕಾಲು ತಣ್ಣಗಾಯಿತು. ಇವರು ಸದಸ್ಯರು, ಗ್ರಾಹಕರಲ್ಲ. ಇದು ಸಹಕಾರಿ ಕಾಯ್ದೆಯ ವ್ಯಾಜ್ಯ, ರಿಜಿಸ್ಟ್ರಾರರ ಹತ್ತಿರ ಹೋಗಬೇಕು, ಈ ಆಯೋಗಕ್ಕೆ ಅಧಿಕಾರವೇ ಇಲ್ಲ ಅಂತ ಬರೆದಿದ್ದರು. ಎಲ್ಲ ಮುಗಿಯಿತು ಅಂದುಕೊಂಡೆ. ವಕೀಲರು ನಕ್ಕು, ಇದು ಹಳೆಯ ಪಾಠ ಅಕ್ಕಾ ಎಂದರು. ತಮಿಳುನಾಡಿನ ತಿರುಮುರುಗನ್ ಸಹಕಾರಿ ಸಂಘದ ಕೇಸಿನಲ್ಲಿ 2003ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನ ಮಾಡಿದೆಯಂತೆ. ಸಹಕಾರಿ ಕಾಯ್ದೆಯಲ್ಲಿ ಬೇರೆ ದಾರಿ ಇದ್ದರೂ ಸದಸ್ಯರು ಗ್ರಾಹಕರ ನ್ಯಾಯಕ್ಕೆ ಹೋಗಬಹುದು. 2019ರ ಹೊಸ ಗ್ರಾಹಕ ಕಾಯ್ದೆಯ 100ನೇ ಕಲಮಿನಲ್ಲೂ, ಈ ಕಾಯ್ದೆ ಬೇರೆ ಕಾನೂನುಗಳ ಜೊತೆಗೆ ಇರುವಂಥದ್ದು ಅಂತ ಬರೆದಿದೆ. ಆ ಸಾಲಿನ ಅಡಿಯಲ್ಲಿ ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ನಿನ್ನ ಪ್ರತಿಯಲ್ಲೂ.

ಎರಡನೇ ಸಲ ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮಾತಾಡದೆ ಬಂದು ಬಸ್‌ಸ್ಟಾಪಿನಲ್ಲಿ ನಿಂತರು. ಒಳಗೆ ಆಯೋಗದ ಅಧ್ಯಕ್ಷರು ಮೂಲ ಬಾಂಡ್ ಇದೆಯಾ ಅಂತ ಕೇಳಿದರು. ನಾನು ಸೀರೆಯ ತುಂಡು ಬಿಚ್ಚಿದೆ. ಗುಲಾಬಿ ಬಣ್ಣದ ಕಾಗದ, ಮಡಚಿದಲ್ಲಿ ಬಿಳಿಚಿಕೊಂಡಿತ್ತು. ಮೊಹರು, ಎರಡು ಸಹಿ, ಮುಗಿಯುವ ತಾರೀಕು ಎಲ್ಲ ಸ್ಪಷ್ಟ ಇತ್ತು. ಅವರು ತಿರುಗಿಸಿ ಹಿಂಭಾಗ ನೋಡಿದರು. ಖಾಲಿ. ರಿನ್ಯೂ ಅಂತ ಎಲ್ಲೂ ಬರೆದಿರಲಿಲ್ಲ. ಪಕ್ಕದಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಮನೆಗೆ ಬಂದ ಮೇಲೆ, "ನಾನು ಕೊಡಬಾರದಿತ್ತು" ಎಂದರು. ಅಷ್ಟೇ. ಈ ವರ್ಷ ಅವರೂ ದೂರು ಹಾಕಿದ್ದಾರೆ.

ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆಯಲ್ಲಿ ಉಂಟು. ನನಗೆ ಹತ್ತು ತಿಂಗಳು ಹಿಡಿಯಿತು. ಡಿಸೆಂಬರಿನಲ್ಲಿ ಆದೇಶ ಬಂತು. ಅಸಲು, ಬಡ್ಡಿ, ಕೇಸಿನ ಖರ್ಚು ಎಲ್ಲ ಕೊಡಬೇಕು, ಅದಕ್ಕೆ 45 ದಿನದ ಗಡುವು. ಆ ದಿನ ಕಳೆಯಿತು, ಅವರು ಕೊಡಲಿಲ್ಲ. ರಾಜ್ಯ ಆಯೋಗಕ್ಕೆ ಅಪೀಲು ಹೋಗಬೇಕಾದರೆ ಅರ್ಧ ಹಣ ಮೊದಲೇ ಇಡಬೇಕು, ಹಾಗಾಗಿ ಅದಕ್ಕೂ ಹೋಗಲಿಲ್ಲ. ಆಗ ನಾವು 72ನೇ ಕಲಮಿನಲ್ಲಿ ಅರ್ಜಿ ಹಾಕಿದೆವು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ನೋಟಿಸು ಮುಟ್ಟಿದ ಹದಿನೈದು ದಿನಕ್ಕೆ 2 ಲಕ್ಷದ ಚೆಕ್ ಬಂತು. ಉಳಿದದ್ದಕ್ಕೆ ಮುಂದಿನ ತಿಂಗಳು ತಾರೀಕು ಕೊಟ್ಟಿದ್ದಾರೆ. ಸಿಕ್ಕೇ ಸಿಗುತ್ತದೆ ಅಂತ ನಾನು ನಿನಗೆ ಮಾತು ಕೊಡುವುದಿಲ್ಲ. ಸೊಸೈಟಿಯಲ್ಲಿ ದುಡ್ಡು ಎಷ್ಟು ಉಳಿದಿದೆಯೋ. ಆದರೆ ಕೇಳಿದವರಿಗೆ ಅರ್ಧವಾದರೂ ಬಂದಿದೆ. ಕೇಳದೆ ಕೂತ ನಮ್ಮ ಪಕ್ಕದ ಮನೆಯವರಿಗೆ ಇವತ್ತಿಗೂ ಮುಂದಿನ ಸೋಮವಾರವೇ.

ದೊಡ್ಡಪ್ಪ ಈಗ ಮಾತಾಡುವುದಿಲ್ಲ. ಮೇ ತಿಂಗಳ ಮದುವೆಯಲ್ಲಿ ದೊಡ್ಡಮ್ಮ ನನ್ನನ್ನು ನೋಡಿ ಬೇರೆ ಪಂಕ್ತಿಗೆ ಹೋಗಿ ಕೂತರು. ನನಗೆ ನೋವಾಯಿತು, ಊಟ ಸೇರಲಿಲ್ಲ. ಆದರೂ ದೂರು ಹಾಕಿದ್ದು ತಪ್ಪು ಅಂತ ಅನಿಸಲಿಲ್ಲ.

ಈಗ ನಿನ್ನ ಕೆಲಸ. ಎಫ್‌ಡಿ ನಿನ್ನ ಹೆಸರಿನಲ್ಲಿರುವುದರಿಂದ ದೂರು ನಿನ್ನದೇ ಆಗಬೇಕು, ನನ್ನ ಸಹಿ ನಡೆಯುವುದಿಲ್ಲ. ನೀನು ವಾಸ ಇರುವ ಊರಿನಲ್ಲೂ ಹಾಕಬಹುದು ಅಂತ ಹೊಸ ಕಾಯ್ದೆಯಲ್ಲಿ ಉಂಟು. ಆದರೆ ಇಲ್ಲೇ ಹಾಕುವುದು ಒಳ್ಳೆಯದು. ವಕೀಲರಿಗೆ ಕಾಗದಪತ್ರ ಎಲ್ಲ ಗೊತ್ತು, ತಾರೀಕಿಗೆ ನಾನೇ ಹೋಗಿ ಕೂರುತ್ತೇನೆ. ಇ-ಜಾಗೃತಿ ಅಂತ ಈಗ ಆನ್‌ಲೈನಿನಲ್ಲೇ ಸಲ್ಲಿಸುವ ವ್ಯವಸ್ಥೆ ಬಂದಿದೆ, ಅದನ್ನು ಅವರು ಮಾಡುತ್ತಾರೆ. ನೀನು ಅಫಿಡವಿಟ್ಟಿನ ಪ್ರತಿ ಪುಟಕ್ಕೂ ನೋಟರಿಯ ಎದುರಲ್ಲೇ ಸಹಿ ಹಾಕಬೇಕು, ಮನೆಯಲ್ಲಿ ಹಾಕಿಕೊಂಡು ಹೋಗಬೇಡ. ನನಗೆ ಅಧಿಕಾರ ಕೊಟ್ಟ ಪತ್ರವೂ ಒಂದು ಉಂಟು, ಅದಕ್ಕೂ ಸಹಿ ಬೇಕು. ಎರಡೂ ದೀಪಾವಳಿಗೆ ಮೊದಲು ನನ್ನ ಕೈಗೆ ಸಿಗಬೇಕು. ಬಾಂಡಿನ ಜೆರಾಕ್ಸ್ ಕಳಿಸಿದ್ದೇನೆ. ಮೂಲ ಪ್ರತಿ ಅಕ್ಕಿ ಡಬ್ಬದ ಅಡಿಯಲ್ಲೇ ಉಂಟು. ಯಾರಾದರೂ ನಿನಗೆ ಫೋನು ಮಾಡಿ, ರಿನ್ಯೂ ಮಾಡಿ ಕೊಡ್ತೇವೆ, ಒಂದು ಸಹಿ ಸಾಕು ಅಂದರೆ ಒಪ್ಪಬೇಡ. ಅದು ದೊಡ್ಡಪ್ಪನೇ ಆದರೂ.

ನವರಾತ್ರಿ ಶುರುವಾಗಿದೆ, ಹೂವಿಗೆ ಒಳ್ಳೆ ರೇಟು. ನಾಳೆ ಬೇಗ ಏಳಬೇಕು. ಅಪ್ಪ ಈಗಲೇ ಬಾಳೆನಾರು ನೀರಿಗೆ ಹಾಕಿ ಇಟ್ಟಿದ್ದಾರೆ. ಸಹಿ ಹಾಕಿ ಕೊರಿಯರ್ ಮಾಡಿದ ದಿನ ಒಂದು ಫೋನು ಮಾಡು.

ನಿನ್ನ
ಅಮ್ಮ